ಅಳಿವೆ ದಂಡೆಯ ಬಿಳಿ ಹದ್ದು, ವಾಟ್ಸಾಪ್‌ನ ಮುದಿ ಹದ್ದು

ಪ್ರಶ್ನೆ: ನಮ್ಮ ತೋಟ ಹೊನ್ನಾವರದ ಹತ್ತಿರ, ಶರಾವತಿ ಅಳಿವೆಯ ದಂಡೆಯಲ್ಲಿದೆ. ಅಂಚಿನ ಹಳೇ ಮಾವಿನ ಮರದ ತುದಿಯಲ್ಲಿ ಒಂದು ಜೋಡಿ ದೊಡ್ಡ ಹಕ್ಕಿ ಗೂಡು ಕಟ್ಟಿವೆ. ತಲೆ, ಹೊಟ್ಟೆ ಬಿಳಿ, ರೆಕ್ಕೆ ಬೂದು. ಮರದಡಿ ಮೀನಿನ ಮುಳ್ಳು ಬಿದ್ದಿರುತ್ತದೆ, ಒಮ್ಮೆ ಅರ್ಧ ಹಾವೂ ಬಿದ್ದಿತ್ತು. ಕೋಳಿಮರಿ ಉಳಿಯುವುದಿಲ್ಲ, ಮರ ಕಡಿಸು ಅಂತ ಅಪ್ಪ ಹಟ ಹಿಡಿದಿದ್ದಾರೆ. ಇದು ಗರುಡನಾ?

ಉತ್ತರ: ಗರುಡ ಅಲ್ಲ. ಗರುಡನಿಗೆ ತಲೆ, ಎದೆ ಬಿಳಿಯಾದರೂ ಉಳಿದ ಮೈಯೆಲ್ಲ ಇಟ್ಟಿಗೆ ಬಣ್ಣ. ಗಾತ್ರವೂ ಚಿಕ್ಕದು. ನೀವು ಹೇಳುತ್ತಿರುವುದು ಬಿಳಿಹೊಟ್ಟೆಯ ಕಡಲ ಹದ್ದು. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಹೆಚ್ಚುಕಡಿಮೆ ಎರಡು ಮೀಟರ್. ಜೋಡಿಯಲ್ಲಿ ದೊಡ್ಡದು ಹೆಣ್ಣು. ಕಂದು ಬಣ್ಣದ ಇನ್ನೊಂದು ಹಕ್ಕಿ ಅವುಗಳ ಜೊತೆ ಸುತ್ತುತ್ತಿದ್ದರೆ ಬೇರೆ ಜಾತಿ ಅಂದುಕೊಳ್ಳಬೇಡಿ, ಅದು ಮರಿಯೇ ಇರಬಹುದು. ಬಿಳಿ ಬಣ್ಣ ಪೂರ್ತಿ ಬರಲು ನಾಲ್ಕೈದು ವರ್ಷ ಬೇಕು.

ಆ ಅರ್ಧ ಹಾವು ಬಹುಶಃ ಕಡಲ ಹಾವು. ಮೀನಿನಷ್ಟೇ ಇಷ್ಟಪಟ್ಟು ಅದನ್ನೂ ತಿನ್ನುತ್ತದೆ. ಎತ್ತರದ ಮರದಲ್ಲಿ ಕೂತು ನೀರು ನೋಡುತ್ತಿರುತ್ತದೆ. ಮೀನು ಮೇಲೆ ಬಂತೋ, ಗಾಳಿಯಲ್ಲಿ ತೇಲಿಕೊಂಡು ಹೋಗಿ ಕಾಲಿನಿಂದ ಎತ್ತಿಕೊಳ್ಳುತ್ತದೆ. ಮುಳುಗುವ ಗೋಜಿಗೆ ಹೋಗುವುದು ಕಡಿಮೆ. ಸತ್ತ ಮೀನಾದರೂ ಬೇಡ ಅನ್ನುವುದಿಲ್ಲ. ಗರುಡ ಹಿಡಿದದ್ದನ್ನು ಅಟ್ಟಾಡಿಸಿ ಕಿತ್ತುಕೊಳ್ಳುವುದೂ ಉಂಟು. ನೋಡಲು ರಾಜಗಾಂಭೀರ್ಯ, ಬುದ್ಧಿ ಮಾತ್ರ ಪುಂಡರದು!

ಇನ್ನು ಕೋಳಿಮರಿ. ಅಪರೂಪಕ್ಕೆ ಎತ್ತಿದರೂ ಎತ್ತೀತು, ಆದರೆ ಅದರ ಊಟ ಇರುವುದು ನೀರಿನಲ್ಲಿ. ಅಂಗಳಕ್ಕೆ ಇಳಿಯುವ ಚಟ ಊರಿನ ಮಾಮೂಲಿ ಕಂದು ಹದ್ದಿಗೇ ಜಾಸ್ತಿ. ಮರಿಗಳ ಮೇಲೆ ಒಂದು ಹಳೇ ಬಲೆ ಕಟ್ಟಿಬಿಡಿ, ಎರಡಕ್ಕೂ ಆಯಿತು.

ಮರವನ್ನಂತೂ ಮುಟ್ಟಬೇಡಿ. ಈ ಜೋಡಿ ವರ್ಷಾವರ್ಷ ಅದೇ ಗೂಡಿಗೆ ಬರುತ್ತದೆ, ಕಡ್ಡಿ ಸೇರಿಸಿ ದುರಸ್ತಿ ಮಾಡುತ್ತದೆ. ಹಾಗಾಗಿ ಹಳೇ ಗೂಡು ಮೀಟರಿಗಿಂತ ಅಗಲ ಬೆಳೆದಿರುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆ. ಸುಮಾರು ಆರು ವಾರ ಕಾವು, ಆಮೇಲೆ ಮರಿ ಹಾರಲು ಇನ್ನೂ ಹತ್ತು ಹನ್ನೊಂದು ವಾರ. ಎಷ್ಟೋ ಸಲ ಎರಡರಲ್ಲಿ ಒಂದೇ ಉಳಿಯುತ್ತದೆ. ಅಂಥ ತೂಕ ಹೊರುವ, ನೀರು ಕಾಣುವ ಮರ ಕರಾವಳಿಯಲ್ಲಿ ಈಗ ಎಷ್ಟು ಉಳಿದಿವೆ ಹೇಳಿ? ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪ ಇವುಗಳ ಗೂಡುಗಳಿಗೆ ಹಿಂದಿನಿಂದ ಹೆಸರಾದ ಜಾಗ. ಅಲ್ಲಿ ದೋಣಿಯಲ್ಲಿ ಹೋಗಿ ನೋಡಬೇಕು. ನಿಮಗೆ ಅಂಗಳದಲ್ಲೇ ಸಿಕ್ಕಿದೆ. 1972ರ ವನ್ಯಜೀವಿ ರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಈ ಹಕ್ಕಿ ಇದೆ, ಗೂಡು ಕೆಡಿಸುವುದೂ ಬೇಟೆಯ ಲೆಕ್ಕಕ್ಕೇ ಬರುತ್ತದೆ. ಇದನ್ನೂ ಅಪ್ಪನ ಕಿವಿಗೆ ಹಾಕಿ.

ಪ್ರಶ್ನೆ: ಕಬಿನಿ ಹಿನ್ನೀರಿನಲ್ಲಿ ಒಣಮರದ ಮೇಲೆ ಬೂದು ತಲೆಯ ಹದ್ದೊಂದು ಗಂಟೆಗಟ್ಟಲೆ ಅಲುಗಾಡದೆ ಕೂತಿತ್ತು. ಕಾಯಿಲೆಯಾ?

ಉತ್ತರ: ಇಲ್ಲ, ಡ್ಯೂಟಿಯಲ್ಲಿತ್ತು. ಅದು ಬೂದುತಲೆಯ ಮೀನುಹದ್ದು. ಕೂತು ಕಾಯುವುದೇ ಅದರ ಬೇಟೆ. ಅಣೆಕಟ್ಟು ಕಟ್ಟಿದಾಗ ಮುಳುಗಿ ಸತ್ತ ಆ ಮರಗಳು ಫೋಟೋದವರಿಗೆ ಬರೀ ಹಿನ್ನೆಲೆ, ಈ ಹದ್ದಿಗೆ ಮಾತ್ರ ನೀರಿನ ನಡುವೆ ಹಾಕಿಟ್ಟ ಕುರ್ಚಿ.

ಚುರುಕು ಬೇಟೆ ನೋಡಬೇಕಿದ್ದರೆ ಚಳಿಗಾಲದಲ್ಲಿ ಉತ್ತರದಿಂದ ವಲಸೆ ಬರುವ ಆಸ್ಪ್ರೆಯನ್ನು ಕಾಯಿರಿ. ಅದೂ ಮೀನುಬೇಟೆಗಾರನೇ, ಆದರೆ ಪಕ್ಷಿಶಾಸ್ತ್ರದಲ್ಲಿ ಅದರ ಕುಟುಂಬವೇ ಬೇರೆ. ಗಾಳಿಯಲ್ಲಿ ರೆಕ್ಕೆ ಬಡಿಯುತ್ತ ನಿಂತಲ್ಲೇ ನಿಲ್ಲುತ್ತದೆ, ಆಮೇಲೆ ಕಾಲು ಮುಂದೆ ಮಾಡಿ ನೀರಿಗೆ ಧುಮುಕುತ್ತದೆ. ಸುಮಾರು ಒಂದು ಮೀಟರ್ ಆಳದವರೆಗೂ ಹೋದೀತು. ಮೀನು ಜಾರದ ಹಾಗೆ ಅಂಗಾಲಿನಲ್ಲಿ ಸಣ್ಣ ಸಣ್ಣ ಮುಳ್ಳುಗಳಿವೆ. ಹೊರಗಿನ ಬೆರಳನ್ನು ಹಿಂದಕ್ಕೆ ತಿರುಗಿಸಬಲ್ಲದು, ಆಗ ಹಿಡಿತ ಮುಂದೆ ಎರಡು, ಹಿಂದೆ ಎರಡು. ಮೀನನ್ನು ಹೊತ್ತು ಹಾರುವಾಗ ಅದರ ತಲೆಯನ್ನು ಮುಂದಕ್ಕೆ ತಿರುಗಿಸಿಕೊಳ್ಳುತ್ತದೆ, ಗಾಳಿಯ ತಡೆ ಕಡಿಮೆಯಾಗಲಿ ಅಂತ.

ಪ್ರಶ್ನೆ: ಹದ್ದು ನಲವತ್ತು ವರ್ಷಕ್ಕೆ ಕೊಕ್ಕನ್ನು ಬಂಡೆಗೆ ಕುಟ್ಟಿ ಉದುರಿಸಿ, ಉಗುರು, ಗರಿ ಕಿತ್ತುಕೊಂಡು, ಹೊಸ ಹುಟ್ಟು ಪಡೆದು ಮತ್ತೆ ಮೂವತ್ತು ವರ್ಷ ಬದುಕುತ್ತದಂತೆ. ವಾಟ್ಸಾಪ್‌ನಲ್ಲಿ ಬಂದಿದೆ. ನಿಜವೇ?

ಉತ್ತರ: ನನಗೂ ಬಂದಿದೆ, ಲೆಕ್ಕವಿಲ್ಲದಷ್ಟು ಸಲ. ಪೂರಾ ಸುಳ್ಳು. ಕೊಕ್ಕು ಮುರಿದ ಹದ್ದು ಮೀನನ್ನು ಹರಿದು ತಿನ್ನುವುದು ಹೇಗೆ? ಉಗುರಿಲ್ಲದೆ ಹಿಡಿಯುವುದಾದರೂ ಹೇಗೆ? ತಿಂಗಳುಗಟ್ಟಲೆ ಉಪವಾಸ ಇದ್ದರೆ ಸಾಯುತ್ತದೆ, ಅಷ್ಟೇ. ಕೊಕ್ಕು, ಉಗುರು ನಮ್ಮ ಉಗುರಿನ ಹಾಗೆ ಬೆಳೆಯುತ್ತಲೇ ಇರುತ್ತವೆ, ಬಳಸಿದಂತೆ ಸವೆಯುತ್ತಲೂ ಇರುತ್ತವೆ. ಗರಿಗಳನ್ನು ಸ್ವಲ್ಪಸ್ವಲ್ಪವಾಗಿ ಬದಲಾಯಿಸುತ್ತದೆ. ಒಟ್ಟಿಗೇ ಕಿತ್ತರೆ ಹಾರುವುದು ಹೇಗೆ?

ವಯಸ್ಸಿನ ಲೆಕ್ಕವೂ ಸರಿಯಿಲ್ಲ. ಅಮೆರಿಕದ ಲಾಂಛನದಲ್ಲಿರುವ ಬಿಳಿತಲೆಯ ಹದ್ದೂ ಮೀನು ತಿನ್ನುವ ಬಳಗದ್ದೇ. ಕಾಡಿನಲ್ಲಿ ಬದುಕಿದ ಆ ಜಾತಿಯ ಹಕ್ಕಿಗಳಲ್ಲಿ ದಾಖಲಾದ ದೀರ್ಘಾಯುಷ್ಯ 38 ವರ್ಷ. ಕಾಲಿಗೆ ಹಾಕಿದ್ದ ಉಂಗುರದಿಂದ ಅದು ಗೊತ್ತಾಯಿತು. ಆ ಹಕ್ಕಿ 2015ರಲ್ಲಿ ನ್ಯೂಯಾರ್ಕ್ ರಾಜ್ಯದ ರಸ್ತೆಯೊಂದರಲ್ಲಿ ವಾಹನ ಬಡಿದು ಸತ್ತಿತು.