ಗ್ರಹಾಂ ಸರ್ ಅಲ್ಲ, ಬರೀ ಗ್ರೇಅಮ್

ಲೀಡ್ಸ್‌ಗೆ ಬಂದು ಎರಡು ವಾರ ಆಯ್ತು, ಮ್ಯಾನೇಜರ್ ಹೆಸರು ಗ್ರಹಾಂ, ನಾನು ಗ್ರಹಾಂ ಸರ್ ಅಂದ್ರೆ ಎಲ್ರೂ ಮುಖ ಮುಖ ನೋಡ್ಕೋತಾರೆ, ಏನ್ ತಪ್ಪು ಅಂತ ಕೇಳಿದೀರಲ್ಲ, ತಲೆ ಕೆಡಿಸ್ಕೋಬೇಡಿ. ಮಧ್ಯದ ಹೆಚ್ ಇಲ್ಲಿ ಯಾರ ಬಾಯಲ್ಲೂ ಬರಲ್ಲ, "ಗ್ರೇಅಮ್" ಅಂತಾರೆ. ನಾನು ಬಂದ ಹೊಸದ್ರಲ್ಲಿ ಫೋನ್ ಮಾಡಿ ಗ್ರಹಾಂ ಇದಾರಾ ಅಂದ್ರೆ ಆ ಕಡೆ ಹೆಂಗಸು ಅಂಥವ್ರು ಯಾರೂ ಇಲ್ಲ ಅಂತ ಇಟ್ಟೇಬಿಟ್ರು, ಮತ್ತೆ ಮಾಡಿ ಒಂದೊಂದೇ ಅಕ್ಷರ ಬಿಡಿಸಿ ಹೇಳಿದ್ಮೇಲೆ "ಓ, ಗ್ರೇಅಮ್!" ಅಂದ್ರು, ಆಸಾಮಿ ಅವ್ರ ಪಕ್ಕದಲ್ಲೇ ಕೂತಿದ್ನಂತೆ. ನಮ್ದೇನ್ ತಪ್ಪು ಹೇಳಿ, ಟೆಲಿಫೋನ್ ಕಂಡುಹಿಡಿದವರು ಯಾರು ಅಂದ್ರೆ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅಂತ ಉರು ಹೊಡೆದವ್ರು ನಾವು. ಆ ಬೆಲ್‌ಗೂ ಹುಟ್ಟಿದಾಗ ಗ್ರಹಾಂ ಇರ್ಲಿಲ್ಲ, ಅಣ್ಣತಮ್ಮಂದಿರಿಗೆಲ್ಲ ಮಧ್ಯದ ಹೆಸರಿದೆ ನಂಗ್ಯಾಕಿಲ್ಲ ಅಂತ ಹಠ ಹಿಡಿದು 11ನೇ ಹುಟ್ಟುಹಬ್ಬಕ್ಕೆ ಅಪ್ಪನ ಹತ್ರ ಇಸ್ಕೊಂಡಿದ್ದು.

ಲಂಡನ್ನಿಂದ ಲೀಡ್ಸ್ ಟ್ರೇನಲ್ಲಿ ಬರ್ತಾ ಗ್ರಾಂಥಮ್ ಅಂತ ಸ್ಟೇಷನ್ ನೋಡಿರ್ತೀರಿ, ನ್ಯೂಟನ್ ಸ್ಕೂಲಿಗೆ ಹೋಗಿದ್ದು, ಥ್ಯಾಚರ್ ಹುಟ್ಟಿದ್ದು ಆ ಊರಲ್ಲೇ. ಗ್ರಹಾಂ ಅನ್ನೋ ಹೆಸರು ಹುಟ್ಟಿದ್ದೂ ಅಲ್ಲೇ. 12ನೇ ಶತಮಾನದಲ್ಲಿ ವಿಲಿಯಂ ಡಿ ಗ್ರಹಾಂ ಅನ್ನೋನು ಊರಿನ ಹೆಸರು ಕಟ್ಕೊಂಡು ಸ್ಕಾಟ್ಲೆಂಡ್‌ಗೆ ಹೋದ, ಅಲ್ಲಿ ಅದು ಮನೆತನದ ಹೆಸರಾಯ್ತು, ಎಷ್ಟೋ ಕಾಲದ ಮೇಲೆ ಗಂಡುಮಕ್ಕಳಿಗೆ ಇಡೋ ಹೆಸರೂ ಆಯ್ತು. ಕೊನೇಲಿರೋ ಹ್ಯಾಮ್ ನಮ್ಮ ಹಳ್ಳಿ ಇದ್ದಂಗೆ. ದೇವೇಗೌಡ್ರ ಮೊದಲ ಹೆಚ್ ಹರದನಹಳ್ಳಿ ಅಲ್ವಾ, ನಮ್ಮಲ್ಲಿ ಊರು ಇನಿಷಿಯಲ್ಲಲ್ಲಿ ಉಳೀತು, ಇಲ್ಲಿ ಊರನ್ನೇ ಕೂಗಿ ಕರೀತಾರೆ ಅಷ್ಟೇ.

ನಿಮ್ಮ ಮ್ಯಾನೇಜರ್‌ಗೆ ಅರವತ್ತರ ಹತ್ರ ಇರ್ಬೇಕು, ಈಗಿನ ಮಕ್ಕಳಿಗೆ ಈ ಹೆಸರು ಇಡೋರು ಕಮ್ಮಿ, ನಮ್ಮಲ್ಲಿ ರಂಗಪ್ಪ ಅಂತ ಇಡೋರು ಕಮ್ಮಿ ಆದಂಗೆ. ಕ್ರಿಕೆಟ್ ಹುಚ್ಚಿದ್ರೆ ಇಂಗ್ಲೆಂಡ್ ಬ್ಯಾಟ್ಸ್‌ಮನ್ ಗ್ರಹಾಂ ಗೂಚ್ ವಿಷಯ ತೆಗೀರಿ, 1990ರಲ್ಲಿ ಲಾರ್ಡ್ಸಲ್ಲಿ ನಮ್ಮ ಮೇಲೆ 333 ಹೊಡೆದ್ನಲ್ಲ, 36ರಲ್ಲಿದ್ದಾಗ ಕಿರಣ್ ಮೋರೆ ಕ್ಯಾಚ್ ಬಿಟ್ಟಿದ್ದು, ಎರಡನೇ ಇನ್ನಿಂಗ್ಸಲ್ಲೂ 123. ನಿಮ್ಮ ಮ್ಯಾನೇಜರ್ ಪಕ್ಕಾ ಯಾರ್ಕ್‌ಷೈರ್‌ನೋರಾದ್ರೆ (ಲೀಡ್ಸ್ ಇರೋ ಕೌಂಟಿ), ಬೇರೆ ಕೌಂಟಿ ಎಸೆಕ್ಸ್‌ನ ಗೂಚ್‌ನ ಹೊಗಳಬೇಕಲ್ಲಾ ಅಂತ ಸ್ವಲ್ಪ ಮುಖ ಸಿಂಡರಿಸ್ತಾರೆ, ಆದ್ರೂ ಮಾತು ಶುರುವಾಗತ್ತೆ.

ಮೇಲ್ ಕಳಿಸೋ ಮುಂಚೆ ಸ್ಪೆಲಿಂಗ್ ಒಂದ್ಸಲ ನೋಡ್ಕೊಳ್ಳಿ, ಕ್ರಿಕೆಟಿಗರಾದ ಗ್ರೇಮ್ ಸ್ವಾನ್, ಗ್ರೇಮ್ ಸ್ಮಿತ್ ಅವ್ರದ್ದು ಹೆಚ್ ಅಕ್ಷರವೇ ಇಲ್ದಿರೋ ಸ್ಕಾಟಿಷ್ ರೂಪ (Graeme), ಅದಲುಬದಲು ಮಾಡಿದ್ರೆ ಬೇಜಾರಾಗ್ತಾರೆ. ಸೋಮವಾರ ಸುಮ್ನೆ "ಮಾರ್ನಿಂಗ್ ಗ್ರೇಅಮ್" ಅನ್ನಿ, ಸರ್ ನಾಲಿಗೆ ತುದಿಗೆ ಬಂದ್ರೆ ನುಂಗ್ಕೊಳ್ಳಿ, ನಂಗೆ ಅದಕ್ಕೇ ಆರು ತಿಂಗಳು ಹಿಡೀತು.