ಎಲೆಕ್ಟ್ರಾನ್ ವಿವರ್ತನೆ: ಚುಕ್ಕಿಗಳಿಂದ ತಿಳಿಯುವುದೇನು?

ಪ್ರಶ್ನೆ: ಎಲೆಕ್ಟ್ರಾನ್ ಒಂದು ಕಣವೆಂದು ಓದಿದ್ದೇನೆ. ಅಲೆಗಳ ಗುಣವಾದ ವಿವರ್ತನೆ (ಅಡ್ಡಿಗೆ ತಾಗಿದ ಅಲೆ ಬಾಗಿ ಹರಡುವುದು) ಅದಕ್ಕೆ ಹೇಗೆ ಸಾಧ್ಯ? ಅದರಿಂದ ವಸ್ತುವಿನ ಬಗ್ಗೆ ಏನು ತಿಳಿಯುತ್ತದೆ?

ಉತ್ತರ: ಚಲಿಸುವ ಕಣಕ್ಕೂ ತರಂಗಾಂತರ (ಅಲೆಯ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ದೂರ) ಇದೆ, ಸಂವೇಗ (ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧ) ಹೆಚ್ಚಿದಷ್ಟೂ ಅದು ಕಿರಿದಾಗುತ್ತದೆ ಎಂದು ಫ್ರೆಂಚ್ ಭೌತವಿಜ್ಞಾನಿ ಲೂಯಿ ಡಿ ಬ್ರಾಯ್ 1924ರಲ್ಲಿ ಪ್ರತಿಪಾದಿಸಿದರು. 1927ರಲ್ಲಿ ಪುರಾವೆ ದೊರೆಯಿತು. ಅಮೆರಿಕದ ಭೌತವಿಜ್ಞಾನಿಗಳಾದ ಡೇವಿಸನ್ ಮತ್ತು ಗರ್ಮರ್ 54 ವೋಲ್ಟ್‌ನಿಂದ ವೇಗ ಪಡೆದ ಎಲೆಕ್ಟ್ರಾನ್‌ಗಳನ್ನು ನಿಕ್ಕಲ್ ಹರಳಿನ (ಪರಮಾಣುಗಳು ಕ್ರಮವಾಗಿ ಜೋಡಣೆಗೊಂಡ ಘನವಸ್ತುವಿನ) ಮೇಲೆ ಹಾಯಿಸಿದಾಗ, 50 ಡಿಗ್ರಿ ಕೋನದಲ್ಲಿ ಅವುಗಳ ದಟ್ಟಣೆ ಎದ್ದು ಕಂಡಿತು. ಡಿ ಬ್ರಾಯ್ ಸೂತ್ರದಂತೆ ತರಂಗಾಂತರ 0.167 ನ್ಯಾನೋಮೀಟರ್ ಇರಬೇಕಿತ್ತು. ಪ್ರಯೋಗದಲ್ಲಿ ಆ ಕೋನದಿಂದ ಲೆಕ್ಕ ಹಾಕಿದಾಗ ಸಿಕ್ಕಿದ್ದು 0.165.

ಅದೇ ವರ್ಷ ಬ್ರಿಟನ್ನಿನ ಭೌತವಿಜ್ಞಾನಿ ಜಿ.ಪಿ. ಥಾಮ್ಸನ್ ತೆಳು ಪೊರೆಯ ಮೂಲಕ ಎಲೆಕ್ಟ್ರಾನ್‌ಗಳನ್ನು ಕಳುಹಿಸಿ ಉಂಗುರಗಳನ್ನು ಕಂಡರು. ಇವು ಎಕ್ಸ್ ಕಿರಣಗಳಿಂದ ಮೂಡಿದವೇ ಎಂಬ ಸಂಶಯ ಸಹಜವಾಗಿತ್ತು. ಕಾಂತಕ್ಷೇತ್ರ ಒಡ್ಡಿದಾಗ ಉಂಗುರಗಳು ಪಕ್ಕಕ್ಕೆ ಸರಿದವು. ಎಕ್ಸ್ ಕಿರಣ ಕಾಂತಕ್ಕೆ ಬಾಗುವುದಿಲ್ಲ. ಸಂಶಯಕ್ಕೆ ಅಲ್ಲಿಗೆ ತೆರೆ ಬಿತ್ತು. ಇಷ್ಟು ಸರಳವಾದ, ಇಷ್ಟು ಖಚಿತವಾದ ಪರೀಕ್ಷೆ ಭೌತವಿಜ್ಞಾನದಲ್ಲಿ ಅಪರೂಪವೆಂದೇ ನನ್ನ ಭಾವನೆ.

ಹರಳಿನೊಳಗೆ ಪ್ರತಿಯೊಂದು ಪರಮಾಣುವೂ ಅಲೆಯನ್ನು ಚದುರಿಸುತ್ತದೆ. ಕೆಲವೇ ದಿಕ್ಕುಗಳಲ್ಲಿ ಉಬ್ಬಿಗೆ ಉಬ್ಬು ಸೇರಿ ಬಲಗೊಳ್ಳುತ್ತದೆ, ಉಳಿದೆಡೆ ಒಂದನ್ನೊಂದು ಅಳಿಸಿಹಾಕುತ್ತವೆ. ಒಂದೊಂದೇ ಎಲೆಕ್ಟ್ರಾನ್ ಕಳುಹಿಸಿದರೆ ಪರದೆಯ ಮೇಲೆ ಬೀಳುವುದು ಒಂದೊಂದೇ ಬಿಂದು. ಅಸಂಖ್ಯ ಬಿಂದುಗಳು ಕೂಡಿದ ಮೇಲೆ ವಿನ್ಯಾಸ ಮೂಡುತ್ತದೆ.

ಆ ವಿನ್ಯಾಸ ಪರಮಾಣುಗಳ ಛಾಯಾಚಿತ್ರವಲ್ಲ. ಚುಕ್ಕಿಗಳು ದೂರ ದೂರವಿದ್ದರೆ ಪರಮಾಣು ಪದರಗಳು ಹತ್ತಿರ ಹತ್ತಿರ ಇವೆ ಎಂದರ್ಥ. ಒಂಟಿ ಹರಳು ಚುಕ್ಕಿಗಳನ್ನೂ, ಬೇರೆ ಬೇರೆ ದಿಕ್ಕಿಗೆ ನಿಂತ ಅನೇಕ ಸಣ್ಣ ಹರಳುಗಳು ಉಂಗುರಗಳನ್ನೂ, ಗಾಜಿನಂಥವು ಮಸುಕಾದ ವಲಯಗಳನ್ನೂ ಕೊಡುತ್ತವೆ. 1982ರಲ್ಲಿ ಇಸ್ರೇಲಿ ವಿಜ್ಞಾನಿ ಡಾನ್ ಶೆಕ್ಟ್‌ಮನ್ ಅಲ್ಯೂಮಿನಿಯಂ–ಮ್ಯಾಂಗನೀಸ್ ಮಿಶ್ರಲೋಹದಲ್ಲಿ ಕಂಡದ್ದು ವೃತ್ತಾಕಾರವಾಗಿ ನಿಂತ ಹತ್ತು ಚುಕ್ಕಿಗಳನ್ನು. ಒಂದೇ ಘಟಕ ಮರುಕಳಿಸುವ ಯಾವ ಹರಳೂ ಅಂಥ ಸಮಮಿತಿ (ವೃತ್ತದ ಹತ್ತನೇ ಒಂದು ಪಾಲು ತಿರುಗಿಸಿದರೂ ಹಾಗೆಯೇ ಕಾಣುವ ಗುಣ) ತೋರಲಾರದು. ವರ್ಷಗಳ ಕಾಲ ವಿರೋಧ ಎದುರಿಸಿದ ಅವರಿಗೆ 2011ರಲ್ಲಿ ರಸಾಯನವಿಜ್ಞಾನದ ನೊಬೆಲ್ ಸಂದಿತು. ಹರಳು ಎಂಬುದರ ವ್ಯಾಖ್ಯೆಯೇ ಬದಲಾಯಿತು.

ಎಲೆಕ್ಟ್ರಾನ್‌ಗಳು ಪರಮಾಣುಗಳೊಡನೆ ಎಕ್ಸ್ ಕಿರಣಗಳಿಗಿಂತ ಬಹಳ ಬಲವಾಗಿ ವರ್ತಿಸುವುದರಿಂದ ಮೈಕ್ರೋಮೀಟರಿಗಿಂತ ಚಿಕ್ಕ ಹರಳೂ ಸಾಕಾಗುತ್ತದೆ. ಆದರೆ ಮಾದರಿ ತೀರಾ ತೆಳುವಾಗಿರಬೇಕು. ದಪ್ಪವಾದರೆ ಒಂದೇ ಎಲೆಕ್ಟ್ರಾನ್ ಹಲವು ಬಾರಿ ಚದುರಿ ಚುಕ್ಕಿಗಳ ಹೊಳಪು ಏರುಪೇರಾಗುತ್ತದೆ. ಹೊಳಪಿನಿಂದಲೇ ಪರಮಾಣುಗಳ ಸ್ಥಾನ ಗುರುತಿಸಬೇಕಾದಾಗ ಆ ಏರುಪೇರನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಗತ್ಯಂತರವಿಲ್ಲ.