ಶಿರಸಿ ಮನೆಯಂಗಳದ ಹಳೇ ಫೋಟೋದಲ್ಲಿ ಅಜ್ಜ ಕೂತಿರುವುದು ಜಾವಾ ಬೈಕಾ?

ಅಲ್ಲ, ಅದು ರಾಜದೂತ್ 175. ಮೊದಲು ಮುಂದಿನ ಚಕ್ರ ನೋಡಿ. ಜಾವಾದಲ್ಲಿ ಎರಡು ಕೊಳವೆಗಳ ಟೆಲಿಸ್ಕೋಪಿಕ್ ಫೋರ್ಕ್ ನೇರ ಚಕ್ರಕ್ಕೇ ಇಳಿಯುತ್ತದೆ. ನಿಮ್ಮ ಫೋಟೋದಲ್ಲಿ ಚಕ್ರದ ಹಿಂಬದಿಯಿಂದ ದಪ್ಪ ತೋಳುಗಳು ಮುಂದೆ ಚಾಚಿ ಆಕ್ಸಲ್ ಹಿಡಿದಿವೆ, ಶಾಕ್ ಅಬ್ಸಾರ್ಬರ್ ಬೇರೆಯೇ ಇದೆ. ಪೋಲೆಂಡಿನ ಎಸ್‌ಎಚ್‌ಎಲ್ ಎಂ11 ಗಾಡಿಯ ಈ ವಿನ್ಯಾಸವನ್ನೇ ಎಸ್ಕಾರ್ಟ್ಸ್ ಕಂಪನಿ 60ರ ದಶಕದಲ್ಲಿ ಇಲ್ಲಿ ರಾಜದೂತ್ ಮಾಡಿತು. ಎಂಜಿನ್ ಸುಮಾರು 173 ಸಿಸಿ, ಟೂ ಸ್ಟ್ರೋಕ್. ಸೈಲೆನ್ಸರ್ ಕೂಡ ಸಾಕ್ಷಿ: ಮೈಸೂರಿನ ಜಾವಾ 250ಕ್ಕೆ ಎರಡೂ ಬದಿ ಒಂದೊಂದು ಇರುತ್ತಿತ್ತು, ರಾಜದೂತ್‌ಗೆ ಒಂದೇ.

ನಂಬರ್ ಪ್ಲೇಟಿನ ‘ಎಂವೈ’ (ಹಳೆಯ ಮೈಸೂರು ರಾಜ್ಯದ ಅಕ್ಷರ) ನೋಡಿ ವರ್ಷ ಹೇಳಲಾಗದು. 1973ರಲ್ಲಿ ರಾಜ್ಯ ಕರ್ನಾಟಕವಾದ ಮೇಲೂ ಅದು ನಡೆಯಿತು. ಆರ್‌ಸಿ ಪುಸ್ತಕ ಅಟ್ಟದ ಪೆಟ್ಟಿಗೆಯಲ್ಲಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ, ತಯಾರಾದ ವರ್ಷ ಅದರಲ್ಲೇ ಸಿಗುತ್ತದೆ.